ನಿಂಬೆ ವರ್ಗದ ಎಳೆಯ ಗಿಡಗಳು ಮತ್ತು ಮಣ್ಣಿನ ಉಪಕಾರಿ ಸೂಕ್ಷ್ಮಜೀವಿಗಳು

ಕಿತ್ತಳೆ, ಮೂಸಂಬಿ, ನಿಂಬೆ, ಚಕ್ಕೋತ, ಹೇರಳೆ ಮೊದಲಾದ ನಿಂಬೆ ವರ್ಗದ ಗಿಡಗಳನ್ನು ಸಸಿಮಡಿಯಲ್ಲಿ ಬೆಳೆಸುವಾಗ ಅವುಗಳ ಬೇರಿಗೆ ನೆರವಾಗುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಸೇರಿಸುವ ಕ್ರಮ ಕಳೆದ ಐವತ್ತು ವರ್ಷಗಳಲ್ಲಿ ರೂಪುಗೊಂಡದ್ದು. ಬೇರಿನೊಳಕ್ಕೇ ಹೊಕ್ಕು ಬಾಳುವ ಮೈಕೊರೈಝಾ ಶಿಲೀಂಧ್ರಗಳು, ಬೇರಿನ ಮೈಮೇಲೂ ಅದಕ್ಕೆ ಅಂಟಿದ ಮಣ್ಣಿನಲ್ಲೂ ನೆಲೆಸುವ ಬ್ಯಾಕ್ಟೀರಿಯಾಗಳು, ರೋಗಾಣುಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾದಂಥ ಶಿಲೀಂಧ್ರಗಳು ಇದರಲ್ಲಿ ಬಳಕೆಯಾಗುತ್ತವೆ. ಇವುಗಳಲ್ಲಿ ಮೈಕೊರೈಝಾದ ಸ್ಥಾನವೇ ಬೇರೆ. ಉಳಿದವುಗಳಿಂದ ಗಿಡಕ್ಕೆ ಅನುಕೂಲವಾಗುತ್ತದೆ. ಮೈಕೊರೈಝಾ ಇಲ್ಲದಿದ್ದರೆ ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ನಿಂಬೆ ವರ್ಗದ ಸಸಿ ಮೇಲೇಳುವುದೇ ಕಷ್ಟ.

ಬೇರಿನ ಸ್ವಭಾವ

ರಾಗಿ, ಜೋಳ, ಹುಲ್ಲುಗಳ ಬೇರನ್ನು ಕಿತ್ತು ನೋಡಿದರೆ ನವಿರಾದ ಬೇರುರೋಮಗಳು ಮಣ್ಣನ್ನು ಹಿಡಿದಿಟ್ಟುಕೊಂಡಿರುವುದು ಕಾಣುತ್ತದೆ. ನಿಂಬೆ ವರ್ಗದ ಗಿಡಗಳಲ್ಲಿ ಈ ರೋಮಗಳು ವಿರಳ, ಇದ್ದರೂ ಗಿಡ್ಡ. ರಂಜಕ ಮಣ್ಣಿನ ನೀರಿನಲ್ಲಿ ಸುಲಭವಾಗಿ ಕರಗಿ ಹರಿದು ಬರುವ ಪೋಷಕಾಂಶವಲ್ಲ. ಬೇರು ತನ್ನ ಸುತ್ತ ಒಂದೆರಡು ಮಿಲಿಮೀಟರಿನಷ್ಟು ಜಾಗದ ರಂಜಕವನ್ನು ಹೀರಿಕೊಂಡ ಮೇಲೆ ಆ ಪಟ್ಟಿ ಬರಿದಾಗುತ್ತದೆ, ದೂರದ ರಂಜಕ ಅಲ್ಲಿಗೆ ಬಂದು ತುಂಬುವುದು ಬಹಳ ನಿಧಾನ. ರೋಮ ಕಡಿಮೆಯಿರುವ ಬೇರು ಈ ಬರಿದಾದ ಪಟ್ಟಿಯಾಚೆಗೆ ತಾನಾಗಿ ಕೈಚಾಚಲಾರದು. ಸತು, ತಾಮ್ರಗಳ ವಿಷಯದಲ್ಲೂ ಇದೇ ಕಥೆ.

ಈ ಕೊರತೆಯನ್ನು ತುಂಬುವುದು ಶಿಲೀಂಧ್ರದ ಎಳೆ. ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬೇರು ನುಗ್ಗಲಾರದ ಮಣ್ಣಿನ ಕಿರುಸಂದುಗಳಲ್ಲಿ ಅದು ನುಸುಳಿ, ಬೇರಿನಿಂದ ಹಲವು ಸೆಂಟಿಮೀಟರ್ ದೂರದವರೆಗೆ ಹರಡಿ, ಅಲ್ಲಿಯ ರಂಜಕವನ್ನು ಬೇರಿನೊಳಕ್ಕೆ ಸಾಗಿಸುತ್ತದೆ. ಬದಲಿಗೆ ಗಿಡ ತನ್ನ ಎಲೆಯಲ್ಲಿ ತಯಾರಾದ ಸಕ್ಕರೆಯನ್ನೂ ಕೊಬ್ಬಿನಾಮ್ಲಗಳನ್ನೂ ಶಿಲೀಂಧ್ರಕ್ಕೆ ಕೊಡುತ್ತದೆ. ನೆಲದ ಮೇಲಿನ ಗಿಡಗಳಲ್ಲಿ ಬಹುಪಾಲು ಜಾತಿಗಳು ಇಂಥ ಒಪ್ಪಂದದಲ್ಲಿವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳಲ್ಲೂ ಈ ಶಿಲೀಂಧ್ರಗಳ ಗುರುತು ಇದೆ. ಸಾಸಿವೆ, ಎಲೆಕೋಸುಗಳ ಕುಟುಂಬ ಈ ಒಪ್ಪಂದದ ಹೊರಗಿರುವ ಕೆಲವೇ ಗುಂಪುಗಳಲ್ಲಿ ಒಂದು.

ಬೇರಿನೊಳಗೆ ನಡೆಯುವುದು

ಶಿಲೀಂಧ್ರ ಮತ್ತು ಬೇರಿನ ಈ ಜೋಡಿಗೆ 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಮೈಕೊರೈಝಾ ಎಂದು ಹೆಸರಿಟ್ಟ. ಅದರಲ್ಲಿ ಹಲವು ಬಗೆಗಳಿವೆ. ನಿಂಬೆ ವರ್ಗದಲ್ಲಿ ಇರುವುದು ಆರ್ಬಸ್ಕ್ಯುಲರ್ ಮೈಕೊರೈಝಾ.

ರಂಜಕ ಸಾಲದ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಡುತ್ತದೆ. ಅದು ಸೋಕಿದಾಗ ಶಿಲೀಂಧ್ರದ ಎಳೆ ಕವಲೊಡೆಯತೊಡಗುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 2005ರಲ್ಲಿ ತೋರಿಸಿಕೊಟ್ಟರು. ಕವಲೊಡೆದ ಎಳೆ ಬೇರಿಗೆ ಅಂಟಿ, ಹೊರಪದರವನ್ನು ದಾಟಿ, ಒಳಗಿನ ಜೀವಕೋಶಗಳಲ್ಲಿ ಪುಟ್ಟ ಮರದಂತೆ ಕವಲು ಕವಲಾಗಿ ಹರಡುತ್ತದೆ. ಆರ್ಬಸ್ಕ್ಯೂಲ್ ಎಂದು ಕರೆಯುವ ಈ ರಚನೆಯಲ್ಲೇ ರಂಜಕ ಗಿಡಕ್ಕೂ ಆಹಾರ ಶಿಲೀಂಧ್ರಕ್ಕೂ ಕೈಬದಲಾಗುತ್ತವೆ. ಒಂದೊಂದು ಆರ್ಬಸ್ಕ್ಯೂಲಿನ ಆಯುಸ್ಸು ಕೆಲವೇ ದಿನ. ಹಳೆಯವು ಕರಗುತ್ತ ಹೊಸವು ಮೂಡುತ್ತಲೇ ಇರುತ್ತವೆ. ಗಿಡಕ್ಕೆ ರಂಜಕ ಯಥೇಚ್ಛವಾಗಿ ಸಿಕ್ಕಾಗ ಅದು ಸ್ಟ್ರೈಗೊಲ್ಯಾಕ್ಟೋನ್ ಮೂಲಕ ಕರೆ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಸಸಿಮಡಿಯಲ್ಲಿ ಧಾರಾಳವಾಗಿ ಸೂಪರ್ ಫಾಸ್ಫೇಟ್ ಸುರಿದು ಜೊತೆಗೆ ಮೈಕೊರೈಝಾ ಪುಡಿಯನ್ನೂ ಹಾಕುವವರು ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತಿರುತ್ತಾರೆ.

ಬರಿಗಣ್ಣಿಗೆ ಇದಾವುದೂ ಕಾಣಿಸದು. ಎಳೆಯ ಬೇರನ್ನು ಕ್ಷಾರದಲ್ಲಿ ಬೇಯಿಸಿ ಬಿಳುಪಾಗಿಸಿ, ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫಿಲಿಪ್ಸ್ ಮತ್ತು ಹೇಮನ್ 1970ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.

ಕ್ಯಾಲಿಫೋರ್ನಿಯದ ಕುಬ್ಜ ಸಸಿಗಳು

ನಿಂಬೆ ವರ್ಗಕ್ಕೆ ಈ ಶಿಲೀಂಧ್ರ ಎಷ್ಟು ಬೇಕು ಎಂಬುದು ಗೊತ್ತಾದದ್ದು ಅದನ್ನು ಕೊಂದ ಮೇಲೆ. ಕ್ಯಾಲಿಫೋರ್ನಿಯದ ಸಸಿಮಡಿಗಳಲ್ಲಿ ಬುಡಕೊಳೆ ರೋಗ ಮತ್ತು ಜಂತುಹುಳುಗಳ ಕಾಟ ತಪ್ಪಿಸಲು ಬಿತ್ತನೆಗೆ ಮೊದಲು ಮಣ್ಣಿಗೆ ಮೀಥೈಲ್ ಬ್ರೋಮೈಡ್‌ನಂಥ ವಿಷಾನಿಲ ಹಾಯಿಸುತ್ತಿದ್ದರು. ರೋಗ ಹೋಯಿತು. ಆದರೆ ಹೀಗೆ ಶುದ್ಧಗೊಳಿಸಿದ ಮಡಿಗಳಲ್ಲಿ ಸಸಿಗಳು ಅಲ್ಲಲ್ಲಿ ಏಳದೆ ನಿಂತುಬಿಡುತ್ತಿದ್ದವು. ಅನಿಲದ ವಿಷ ಮಣ್ಣಿನಲ್ಲಿ ಉಳಿದುಕೊಂಡಿರಬೇಕು ಎಂಬುದು ಸಹಜವಾದ ಊಹೆ.

ಇಲಿನಾಯ್ ವಿಶ್ವವಿದ್ಯಾಲಯದ ಕ್ಲೈನ್‌ಶ್ಮಿಟ್ ಮತ್ತು ಗರ್ಡೆಮನ್ 1972ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊಹೆಯನ್ನು ತಳ್ಳಿಹಾಕಿತು. ಸಸಿಗಳು ಕುಂಠಿತವಾದದ್ದಕ್ಕೆ ಮೈಕೊರೈಝಾ ಶಿಲೀಂಧ್ರದ ಗೈರುಹಾಜರಿಯೇ ಕಾರಣವಾಗಿತ್ತು. ಶಿಲೀಂಧ್ರವನ್ನು ಮರಳಿ ಕೊಟ್ಟಾಗ ಸಸಿಗಳು ಬೆಳೆದವು. ನಿಂಬೆ ವರ್ಗದ ಕೃಷಿಯ ಇತಿಹಾಸದಲ್ಲಿ ಇದು ಬಹಳ ದೊಡ್ಡ ಪಾಠ: ಮಣ್ಣನ್ನು ಶುದ್ಧಗೊಳಿಸುವ ವಿಧಾನಗಳು ಶತ್ರು ಮಿತ್ರ ಎಂಬ ಭೇದ ಮಾಡುವುದಿಲ್ಲ. ಕೊಲ್ಲಲು ನಿರ್ಧರಿಸಿದವರು ಮಿತ್ರರನ್ನು ಮರಳಿ ತರುವ ಹೊಣೆಯನ್ನೂ ಹೊರಬೇಕು.

ಆನಂತರ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದಲ್ಲಿ ಜಾನ್ ಮೆಂಜ್ ಮತ್ತು ಸಂಗಡಿಗರು ಬೇರೆ ಬೇರೆ ಬೇರುಸಸಿಗಳನ್ನು ಹೋಲಿಸಿದರು. ಬೇರುಸಸಿಯೆಂದರೆ ಕಸಿಯ ಕಣ್ಣು ಕೂರಿಸಲು ಬೀಜದಿಂದ ಬೆಳೆಸುವ ಬುಡದ ಗಿಡ. ಎಲ್ಲವೂ ಶಿಲೀಂಧ್ರವನ್ನು ಒಂದೇ ಪ್ರಮಾಣದಲ್ಲಿ ನೆಚ್ಚಿಕೊಂಡಿಲ್ಲ, ಗೊಬ್ಬರದ ಮಟ್ಟ ಏರಿದಂತೆ ಈ ಅವಲಂಬನೆ ಇಳಿಯುತ್ತದೆ ಎಂಬುದು 1978ರ ಹೊತ್ತಿಗೆ ಸ್ಪಷ್ಟವಾಯಿತು. ಹಾಗಾದರೆ ಗೊಬ್ಬರವನ್ನೇ ಹೆಚ್ಚು ಕೊಟ್ಟರೆ ಆಯಿತಲ್ಲ ಎಂಬ ವಾದಕ್ಕೆ ಉತ್ತರ ಹುಳಿ ಕಿತ್ತಳೆಯ ಸಸಿಗಳಿಂದ ಬಂತು. ರಂಜಕ ಅತಿಯಾದಾಗ ಮೈಕೊರೈಝಾ ಕುಗ್ಗಿ, ಅದರೊಂದಿಗೆ ಸಸಿಗೆ ತಾಮ್ರದ ಕೊರತೆ ಕಾಣಿಸಿಕೊಳ್ಳುತ್ತದೆ ಎಂದು ಟಿಮ್ಮರ್ ಮತ್ತು ಲೇಡನ್ 1980ರಲ್ಲಿ ವರದಿ ಮಾಡಿದರು. ಒಂದು ಪೋಷಕಾಂಶವನ್ನು ಚೀಲಗಟ್ಟಲೆ ಸುರಿದು ಇನ್ನೊಂದನ್ನು ಕಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ.

ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 2005ಕ್ಕೆ, ಉಳಿದ ದೇಶಗಳಲ್ಲಿ 2015ಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದರ ಬಳಕೆ ನಿಂತಿತು. ಹಬೆ, ಬಿಸಿಲಿನ ಶಾಖ, ಮಣ್ಣಿಲ್ಲದ ಮಾಧ್ಯಮಗಳು ಅದರ ಜಾಗಕ್ಕೆ ಬಂದಿವೆ. ಕೋಕೋಪೀಟ್, ಪರ್ಲೈಟ್‌ಗಳಲ್ಲಿ ಮೈಕೊರೈಝಾ ಮೊದಲಿನಿಂದಲೂ ಇರುವುದಿಲ್ಲವಾದ್ದರಿಂದ 1972ರ ಪಾಠ ಇಂದಿನ ನೆರಳುಮನೆಯ ನರ್ಸರಿಗಳಿಗೂ ಹಾಗೆಯೇ ಅನ್ವಯಿಸುತ್ತದೆ.

ಉಪಕಾರದ ಬೆಲೆ

ಶಿಲೀಂಧ್ರ ಪುಕ್ಕಟೆ ದುಡಿಯುವುದಿಲ್ಲ. ಗಿಡ ತಯಾರಿಸಿದ ಆಹಾರದಲ್ಲಿ ಅದಕ್ಕೂ ಪಾಲು ಹೋಗಬೇಕು. ಫ್ಲಾರಿಡಾದಲ್ಲಿ ಜೇಮ್ಸ್ ಗ್ರಹಾಂ ಮತ್ತು ಸಹೋದ್ಯೋಗಿಗಳು ಈ ಲೆಕ್ಕವನ್ನು ಶ್ರದ್ಧೆಯಿಂದ ಹಾಕಿದ್ದಾರೆ. ರಂಜಕ ಬೇಕಾದಷ್ಟು ಇರುವ ಮಣ್ಣಿನಲ್ಲಿ ಮೈಕೊರೈಝಾ ಇರುವ ಸಸಿಗಳು ಇಲ್ಲದ ಸಸಿಗಳಿಗಿಂತ ನಿಧಾನವಾಗಿ ಬೆಳೆಯಬಲ್ಲವು ಎಂದು ಅವರ ತಂಡ 1993ರಲ್ಲಿ ತೋರಿಸಿತು. ಇನ್ನೊಂದು ಸಂಗತಿಯೂ ಅಲ್ಲಿಯ ತೋಟಗಳಿಂದ ತಿಳಿದುಬಂದಿದೆ. ಬೆಳೆದ ತೋಟದ ಮಣ್ಣಿನಲ್ಲಿ ಸ್ಥಳೀಯ ಮೈಕೊರೈಝಾಗಳು ಸಾಮಾನ್ಯವಾಗಿ ಸಾಕಷ್ಟಿರುತ್ತವೆ. ಅಲ್ಲಿ ಹೊರಗಿನಿಂದ ತಂದು ಸೇರಿಸಿದ್ದರಿಂದ ಸಿಗುವ ಲಾಭ ಅಲ್ಪ.

ಆದ್ದರಿಂದ ಫಲ ಕೊಡುವ ಮರಗಳ ಬುಡಕ್ಕೆ ವರ್ಷ ವರ್ಷ ದುಬಾರಿ ಪುಡಿ ಹಾಕಿಸುವ ಜಾಹೀರಾತುಗಳನ್ನು ನಂಬಬೇಕಿಲ್ಲ. ಈ ವಿದ್ಯೆಗೆ ಸರಿಯಾದ ಜಾಗ ಸಸಿಮಡಿ, ಸರಿಯಾದ ಕಾಲ ಬೀಜ ಬಿತ್ತುವಾಗ ಅಥವಾ ಸಸಿಯನ್ನು ಚೀಲಕ್ಕೆ ಬದಲಿಸುವಾಗ.

ಎಳೆಯ ಗಿಡ ಹೊಲಕ್ಕೆ ಹೋದ ಮೇಲೆ ಎದುರಿಸುವ ಮೊದಲ ಬೇಸಿಗೆಯಲ್ಲಿ ಈ ಹೂಡಿಕೆ ಕೈಹಿಡಿಯುತ್ತದೆ. ಚೀನಾದ ಯಾಂಗ್ಟ್ಸಿ ವಿಶ್ವವಿದ್ಯಾಲಯದಲ್ಲಿ ವು ಚಿಯಾಂಗ್‌ಶೆಂಗ್ ಅವರ ಗುಂಪು ಮೂರೆಲೆ ಕಿತ್ತಳೆಯ ಸಸಿಗಳ ಮೇಲೆ ವರ್ಷಾನುಗಟ್ಟಲೆ ಪ್ರಯೋಗ ನಡೆಸಿ, ನೀರು ಕಡಿಮೆಯಾದಾಗ ಮೈಕೊರೈಝಾ ಇರುವ ಸಸಿಗಳು ಎಲೆಯಲ್ಲಿ ನೀರನ್ನು ಹೆಚ್ಚು ಹಿಡಿದುಕೊಳ್ಳುತ್ತವೆ, ಬೇರನ್ನು ಹೆಚ್ಚು ಕವಲೊಡೆಸುತ್ತವೆ ಎಂದು ದಾಖಲಿಸಿದೆ. ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಹೆಂಟೆ ಕಟ್ಟಿಸುವುದರಿಂದ ನೀರಿಂಗುವ ಗುಣವೂ ಸುಧಾರಿಸುತ್ತದೆ.

ಬ್ಯಾಕ್ಟೀರಿಯಾಗಳು

ಬೇರಿನ ಪ್ರಭಾವಕ್ಕೊಳಗಾದ ಮಣ್ಣಿನ ತೆಳುಪಟ್ಟಿಗೆ 1904ರಲ್ಲಿ ಲೊರೆಂಝ್ ಹಿಲ್ಟ್‌ನರ್ ರೈಝೋಸ್ಫಿಯರ್ ಎಂದು ಹೆಸರು ಕೊಟ್ಟ. ಬೇರು ಒಸರಿಸುವ ಸಕ್ಕರೆ, ಆಮ್ಲಗಳಿಗಾಗಿ ಅಲ್ಲಿ ಬ್ಯಾಕ್ಟೀರಿಯಾಗಳು ಕಿಕ್ಕಿರಿದಿರುತ್ತವೆ. ಗಾಳಿಯ ಸಾರಜನಕವನ್ನು ಹಿಡಿದಿಡುವ ಅಝೋಟೋಬ್ಯಾಕ್ಟರ್, ಅಝೋಸ್ಪಿರಿಲಮ್‌ಗಳು ನಮ್ಮ ರೈತರಿಗೆ ಪರಿಚಿತ. ದ್ವಿದಳ ಧಾನ್ಯಗಳ ಬೇರುಗಂಟಿನಲ್ಲಿರುವ ರೈಝೋಬಿಯಮ್‌ನಂತೆ ಇವು ಗಿಡದೊಂದಿಗೆ ಗಂಟು ಕಟ್ಟಿ ಬಾಳುವುದಿಲ್ಲ. ಆದ್ದರಿಂದ ಇವು ಕೊಡುವ ಸಾರಜನಕದ ಮೊತ್ತ ಚಿಕ್ಕದು. ನಿಂಬೆ ಸಸಿಗೆ ಇವುಗಳಿಂದ ಆಗುವ ಹೆಚ್ಚಿನ ಉಪಯೋಗ ಇಂಡೋಲ್ ಅಸಿಟಿಕ್ ಆಮ್ಲದಂಥ ಬೆಳವಣಿಗೆಯ ಚೋದಕಗಳಿಂದ. ಬೇರು ಬೇಗ ಕವಲೊಡೆದು ಚೀಲವನ್ನು ತುಂಬುತ್ತದೆ.

ಬ್ಯಾಸಿಲಸ್, ಸ್ಯೂಡೋಮೊನಾಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಸಾವಯವ ಆಮ್ಲಗಳನ್ನು ಒಸರಿಸಿ ಮಣ್ಣಿನಲ್ಲಿ ಬಿಗಿಯಾಗಿ ಕೂತ ರಂಜಕವನ್ನು ಕರಗಿಸುತ್ತವೆ. ಕರ್ನಾಟಕದ ನಿಂಬೆ ಸೀಮೆಗಳಿಗೆ ಇದು ಮುಖ್ಯ. ವಿಜಯಪುರ ಜಿಲ್ಲೆಯ ಇಂಡಿ ಸುತ್ತಿನ ಸುಣ್ಣದಂಶದ ಮಣ್ಣಿನಲ್ಲಿ ರಂಜಕ ಕ್ಯಾಲ್ಸಿಯಂಗೆ ಅಂಟಿಕೊಂಡಿರುತ್ತದೆ. ಕಾಫಿಯ ನಡುವೆ ಕಿತ್ತಳೆ ಬೆಳೆಯುವ ಕೊಡಗಿನ ಹುಳಿಮಣ್ಣಿನಲ್ಲಿ ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂಗೆ ಸಿಕ್ಕಿಬಿದ್ದಿರುತ್ತದೆ. ಬ್ಯಾಕ್ಟೀರಿಯಾ ಕರಗಿಸಿಕೊಟ್ಟದ್ದನ್ನು ಮೈಕೊರೈಝಾದ ಎಳೆ ಬೇರಿಗೆ ಹೊತ್ತು ತರುವುದರಿಂದ ಇವೆರಡನ್ನೂ ಒಟ್ಟಿಗೆ ಕೊಡುವುದರಲ್ಲಿ ಅರ್ಥವಿದೆ. ಸುಣ್ಣದ ಮಣ್ಣಿನಲ್ಲಿ ಎಳೆಯ ಎಲೆಗಳು ಹಳದಿಗಟ್ಟುವುದು ಹೆಚ್ಚಾಗಿ ಕಬ್ಬಿಣದ ಕೊರತೆಯಿಂದ. ಸ್ಯೂಡೋಮೊನಾಸ್‌ಗಳು ಕಬ್ಬಿಣವನ್ನು ಹಿಡಿದು ತರುವ ಸಿಡೆರೋಫೋರ್ ಎಂಬ ವಸ್ತುಗಳನ್ನು ಹೊರಬಿಡುತ್ತವೆ. ಅದೇ ಕಬ್ಬಿಣ ರೋಗಾಣುಗಳಿಗೆ ಸಿಗದಂತೆಯೂ ಆಗುತ್ತದೆ.

ಬುಡಕೊಳೆಯ ಎದುರು

ನಿಂಬೆ ವರ್ಗದ ಸಸಿಮಡಿಯ ದೊಡ್ಡ ಶತ್ರು ಫೈಟಾಫ್ತೊರಾ. ಶಿಲೀಂಧ್ರವನ್ನು ಹೋಲುವ ಈ ಜೀವಿ ನೀರು ನಿಂತ ಮಣ್ಣಿನಲ್ಲಿ ಈಜುವ ಬೀಜಾಣುಗಳನ್ನು ಬಿಡುತ್ತದೆ. ಸಸಿಯ ಎಳೆಬೇರು ಕೊಳೆಯುವುದು, ದೊಡ್ಡ ಗಿಡದ ಬುಡದ ತೊಗಟೆಯಿಂದ ಅಂಟು ಸೋರುವುದು ಇದರ ಲಕ್ಷಣ. ನಾಗಪುರ ಭಾಗದ ಕಿತ್ತಳೆ ತೋಟಗಳು ಇದರಿಂದ ಬಹಳ ನಷ್ಟ ಅನುಭವಿಸಿವೆ, ಸೋಂಕು ತಗಲಿದ ನರ್ಸರಿ ಚೀಲಗಳ ಮೂಲಕವೇ ಅದು ಹೊಸ ತೋಟಗಳಿಗೆ ಪಯಣಿಸುತ್ತದೆ.

ಟ್ರೈಕೋಡರ್ಮಾ ರೋಗಾಣುವಿನ ಎಳೆಗಳನ್ನು ಸುತ್ತಿಕೊಂಡು, ಅವುಗಳ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಬಿಟ್ಟು, ಜಾಗವನ್ನೂ ಆಹಾರವನ್ನೂ ತಾನೇ ಆಕ್ರಮಿಸುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್, ಸ್ಯೂಡೋಮೊನಾಸ್ ಫ್ಲೂರೆಸೆನ್ಸ್‌ಗಳು ಪ್ರತಿಜೀವಕಗಳನ್ನು ತಯಾರಿಸುವ ಜೊತೆಗೆ ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಎಚ್ಚರಿಸುತ್ತವೆ. ಇವೆಲ್ಲ ರೋಗ ಬರುವ ಮೊದಲು ಬೇರಿನ ಮೇಲೆ ನೆಲೆಯೂರಿರಬೇಕು. ಕೊಳೆತ ಬೇರಿಗೆ ಆಮೇಲೆ ಸುರಿದರೆ ಪ್ರಯೋಜನವಿಲ್ಲ. ನೀರು ಬಸಿಯದ ಚೀಲದಲ್ಲಂತೂ ಯಾವ ಜೀವಾಣುವೂ ಸಸಿಯನ್ನು ಉಳಿಸಲಾರದು.

ಸಿಲ್ಲಾ ಕೀಟದಿಂದ ಹರಡುವ ಹುವಾಂಗ್‌ಲಾಂಗ್‌ಬಿಂಗ್ ಅಥವಾ ಹಸಿರುಕಾಯಿ ರೋಗ, ಸಸ್ಯಹೇನಿನಿಂದ ಹರಡುವ ಟ್ರಿಸ್ಟೆಝಾ ನಂಜು ಇವೆರಡಕ್ಕೂ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಮದ್ದಿಲ್ಲ. ಅವುಗಳಿಗೆ ಇರುವ ದಾರಿಯೆಂದರೆ ಪರೀಕ್ಷಿಸಿದ ತಾಯಿಮರದಿಂದ ಕಣ್ಣು ತೆಗೆಯುವುದು, ಕೀಟ ನುಗ್ಗದ ಬಲೆಮನೆಯಲ್ಲಿ ಸಸಿ ಬೆಳೆಸುವುದು.

ಭಾರತದಲ್ಲಿ, ಕರ್ನಾಟಕದಲ್ಲಿ

ಮೈಕೊರೈಝಾ ಸಂಶೋಧನೆಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಸರು ಜಗತ್ತಿನಲ್ಲಿ ಗೌರವದಿಂದ ಕೇಳಿಬರುತ್ತದೆ, ಅದಕ್ಕೆ ಮುಖ್ಯ ಕಾರಣ ಡಿ.ಜೆ. ಭಾಗ್ಯರಾಜ್ ಅವರ ದಶಕಗಳ ದುಡಿಮೆ. ಒಂದೊಂದು ಬೆಳೆಗೂ ಒಗ್ಗುವ ಮೈಕೊರೈಝಾ ಪ್ರಭೇದವನ್ನು ಹೋಲಿಸಿ ಆರಿಸಬೇಕು ಎಂಬುದು ಅವರು ಮತ್ತೆ ಮತ್ತೆ ಒತ್ತಿಹೇಳಿದ ಮಾತು. ಟ್ರಾಯರ್ ಸಿಟ್ರೇಂಜ್ ಎಂಬ ಬೇರುಸಸಿಗೆ ತಕ್ಕ ಶಿಲೀಂಧ್ರವನ್ನು ಹುಡುಕಲು ವಿನಾಯಕ್ ಮತ್ತು ಭಾಗ್ಯರಾಜ್ ನಡೆಸಿದ ಹೋಲಿಕೆ 1990ರಲ್ಲಿ ಪ್ರಕಟವಾಯಿತು. ಕನ್ನಡ ನಾಡಿನಲ್ಲೇ ಇಂಥ ಕೆಲಸ ನಡೆದಿದ್ದರೂ ನಮ್ಮ ಎಷ್ಟೋ ನರ್ಸರಿಗಳಿಗೆ ಅದರ ಸುದ್ದಿ ಮುಟ್ಟಿಲ್ಲದಿರುವುದು ಬೇಸರದ ಸಂಗತಿ.

ನಾಗಪುರದಲ್ಲಿರುವ ಕೇಂದ್ರೀಯ ನಿಂಬೆ ವರ್ಗದ ಸಂಶೋಧನಾ ಸಂಸ್ಥೆ ಅಲ್ಲಿಯ ಕಿತ್ತಳೆ ಬೇರುವಲಯದಿಂದಲೇ ಅಝೋಟೋಬ್ಯಾಕ್ಟರ್, ಬ್ಯಾಸಿಲಸ್, ಸ್ಯೂಡೋಮೊನಾಸ್, ಟ್ರೈಕೋಡರ್ಮಾಗಳನ್ನು ಬೇರ್ಪಡಿಸಿ ಅವುಗಳ ಮಿಶ್ರಣವನ್ನು ಪ್ರಯೋಗಕ್ಕೆ ತಂದಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಸಾರಜನಕ ಸ್ಥಿರೀಕರಿಸುವ, ರಂಜಕ ಮತ್ತು ಸತುವನ್ನು ಕರಗಿಸುವ, ಬೆಳವಣಿಗೆಗೆ ಉತ್ತೇಜನ ಕೊಡುವ ಜೀವಾಣುಗಳನ್ನು ಒಂದೇ ಪುಡಿಯಲ್ಲಿ ಒದಗಿಸುತ್ತದೆ. ಇದೇ ಸಂಸ್ಥೆಯ ಚೆಟ್ಟಳ್ಳಿ ಕೇಂದ್ರ ಕೊಡಗಿನ ಕಿತ್ತಳೆಯ ಮೇಲೆ ಕೆಲಸ ಮಾಡುತ್ತದೆ.

ಭಾರತದಲ್ಲಿ ಹೆಚ್ಚು ಬಳಸುವ ಬೇರುಸಸಿಗಳು ಜಂಬೇರಿ ಮತ್ತು ರಂಗಪುರ ನಿಂಬೆ. ಇವುಗಳ ಒಂದೇ ಬೀಜದಿಂದ ಹಲವು ಮೊಳಕೆಗಳು ಬರುತ್ತವೆ, ಅವುಗಳಲ್ಲಿ ಬಹುಪಾಲು ತಾಯಿಮರದ ಪ್ರತಿರೂಪ. ಸಸಿಗಳು ಒಂದೇ ಸಮ ಬೆಳೆಯುವುದರಿಂದ ಮೈಕೊರೈಝಾ ಕೊಟ್ಟದ್ದರ ಫಲವೂ ಮಡಿಯಲ್ಲಿ ಸುಲಭವಾಗಿ ಗುರುತಿಗೆ ಸಿಗುತ್ತದೆ.

ಸಸಿಮಡಿಯಲ್ಲಿ ಬಳಕೆ

ನಿಂಬೆ ವರ್ಗದ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತುತ್ತಾರೆ. ಚೀಲಕ್ಕೆ ತುಂಬುವ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರದ ಮಿಶ್ರಣವನ್ನು ಮೊದಲು ಒದ್ದೆ ಮಾಡಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ಬೇಸಿಗೆಯ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಬಿಡಬೇಕು. ಶಾಖಕ್ಕೆ ಫೈಟಾಫ್ತೊರಾ, ಜಂತುಹುಳು, ಕಳೆಬೀಜಗಳು ಸಾಯುತ್ತವೆ. ಮಿಶ್ರಣ ತಣ್ಣಗಾದ ಮೇಲೆ ಉಪಕಾರಿ ಜೀವಿಗಳ ಸರದಿ.

ಹಳೆಯ ಆರೋಗ್ಯವಂತ ಮರದ ಬುಡದ ಮಣ್ಣನ್ನು ತಂದು ಬೆರೆಸುವ ರೂಢಿ ಕೆಲವೆಡೆ ಇದೆ. ಅದರಲ್ಲಿ ಮೈಕೊರೈಝಾ ಇರುವುದು ನಿಜ. ಆದರೆ ಮರ ತಾಳಿಕೊಂಡಿರುವ ಫೈಟಾಫ್ತೊರಾ ಮತ್ತು ನಿಂಬೆಯ ಜಂತುಹುಳುಗಳೂ ಅದರೊಂದಿಗೇ ಬಂದು ಎಳೆಯ ಸಸಿಯನ್ನು ಹಿಡಿಯುತ್ತವೆ. ಹುಲ್ಲು, ರಾಗಿ, ಜೋಳ, ಮುಸುಕಿನ ಜೋಳದಂಥ ಬೇರೆ ಗಿಡಗಳ ಬೇರಿನ ಮೇಲೆ ಬೆಳೆಸಿದ ಮೈಕೊರೈಝಾದಲ್ಲಿ ಈ ಅಪಾಯ ಬಹಳ ಕಡಿಮೆ. ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ತನ್ನ ಜೀವನಚಕ್ರವನ್ನು ಪೂರೈಸಲಾರದ್ದರಿಂದ ಉತ್ಪಾದಕರು ಅದನ್ನು ಇಂಥ ಗಿಡಗಳ ಮೇಲೆ ಅಥವಾ ಪ್ರಯೋಗಾಲಯದಲ್ಲಿ ಬೆಳೆಸಿದ ಬೇರಿನ ಮೇಲೆ ಸಾಕಬೇಕಾಗುತ್ತದೆ. ಸಗಣಿ, ಗಂಜಲ ಕಲಸಿ ಮಾಡುವ ಜೀವಾಮೃತದ ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಮೈಕೊರೈಝಾ ಅಲ್ಲಿ ಹೆಚ್ಚಲಾರದು ಎಂಬುದಕ್ಕೂ ಇದೇ ಕಾರಣ.

ಮೈಕೊರೈಝಾ ಬೇರಿಗೆ ತಾಗಬೇಕು. ಪುಡಿಯನ್ನು ಮೇಲೆ ಉದುರಿಸಿ ನೀರು ಹಾಕಿದರೆ ಅದು ಕೆಳಕ್ಕಿಳಿಯುವುದಿಲ್ಲ. ಬೀಜದ ಅಡಿಗೆ ಒಂದು ತೆಳುಪದರವಾಗಿಯೋ, ಚೀಲಕ್ಕೆ ಬದಲಿಸುವಾಗ ಕುಳಿಯಲ್ಲಿ ಬೇರಿಗೆ ಅಂಟುವಂತೆ ಐದು ಹತ್ತು ಗ್ರಾಂನಷ್ಟೋ ಹಾಕುವುದು ವಾಡಿಕೆ. ಬ್ಯಾಕ್ಟೀರಿಯಾಗಳನ್ನು ನೀರಿನಲ್ಲಿ ಕದಡಿ ಬುಡಕ್ಕೆ ಹುಯ್ಯಬಹುದು. ಟ್ರೈಕೋಡರ್ಮಾವನ್ನು ನೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋದಂತೆ ಬೆರೆಸಿ, ನೆರಳಿನಲ್ಲಿ ತೇವವಾಗಿ ಮುಚ್ಚಿಟ್ಟು, ಹದಿನೈದು ದಿನ ಹೆಚ್ಚಲು ಬಿಟ್ಟು ಆಮೇಲೆ ಮಿಶ್ರಣಕ್ಕೆ ಸೇರಿಸುತ್ತಾರೆ. ಹಸಿ ಗೊಬ್ಬರ ಸಲ್ಲದು.

ಆಮೇಲಿನ ತಿಂಗಳುಗಳಲ್ಲಿ ರಂಜಕದ ಗೊಬ್ಬರವನ್ನು ಹಿಡಿತದಲ್ಲಿಡಬೇಕು. ಸಾರಜನಕವನ್ನು ಸಣ್ಣ ಕಂತುಗಳಲ್ಲಿ ಕೊಡಬಹುದು. ಔಷಧಗಳ ವಿಷಯದಲ್ಲಿ ಎಚ್ಚರ ಬೇಕು. ಕಾರ್ಬೆಂಡಝಿಮ್ ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ. ಬೋರ್ಡೋ ದ್ರಾವಣದ ತಾಮ್ರ ಮಣ್ಣಿನಲ್ಲಿ ಕೂಡುತ್ತ ಹೋದರೆ ಮೈಕೊರೈಝಾಕ್ಕೂ ಬ್ಯಾಕ್ಟೀರಿಯಾಗಳಿಗೂ ಹಾನಿ. ಸಿಂಪಡಿಸಲೇಬೇಕಾದಾಗ ಚೀಲದ ಮಣ್ಣಿಗೆ ಸೋರದಂತೆ ನೋಡಿಕೊಳ್ಳಬೇಕು. ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದಾಗ ನೆಲದಿಂದ ಸುಮಾರು 20-25 ಸೆಂಟಿಮೀಟರ್ ಎತ್ತರದಲ್ಲಿ ಕಣ್ಣು ಕಸಿ ಮಾಡುತ್ತಾರೆ. ಕಸಿಗಂಟು ಮಣ್ಣಿಗೆ ತಾಗದಷ್ಟು ಮೇಲಿದ್ದರೆ ಬುಡಕೊಳೆಯ ಭಯ ಕಡಿಮೆ.

ಹೊಲದಲ್ಲಿ ನೆಟ್ಟ ಮೇಲೆ ಸಾಲುಗಳ ನಡುವೆ ಅಲಸಂದೆ, ಹುರುಳಿಯಂಥ ಬೆಳೆ ಇದ್ದರೆ ಮೈಕೊರೈಝಾದ ಎಳೆಗಳಿಗೆ ಆಸರೆ ಸಿಗುತ್ತದೆ. ಬರಿನೆಲವನ್ನು ಮೇಲಿಂದ ಮೇಲೆ ಉಳುವುದರಿಂದ ಅವು ಕಡಿದುಹೋಗುತ್ತವೆ.

ಗುಣಮಟ್ಟ

ಭಾರತದಲ್ಲಿ ಜೈವಿಕ ಗೊಬ್ಬರಗಳು 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿವೆ. ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವ ರೂಪದ್ದರ ಪ್ರತಿ ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಕೋಶಗಳಿರಬೇಕೆಂದು ಮಾನದಂಡವಿದೆ. ಮೈಕೊರೈಝಾಕ್ಕೂ ಪ್ರತ್ಯೇಕ ಮಾನದಂಡವಿದೆ. ಆದರೆ ಚೀಲದ ಮೇಲೆ ಅಚ್ಚಾದ ಅಂಕಿ ಕಾರ್ಖಾನೆಯಿಂದ ಹೊರಟ ದಿನದ್ದು. ಬಿಸಿಲಿಗೆ ಒಡ್ಡಿಕೊಂಡ ಅಂಗಡಿಯ ಅಟ್ಟದಲ್ಲಿ ತಿಂಗಳುಗಟ್ಟಲೆ ಬಿದ್ದ ಪುಡಿಯಲ್ಲಿ ಜೀವ ಉಳಿದಿರುವ ಭರವಸೆಯಿಲ್ಲ. ತಯಾರಿಕೆಯ ದಿನ, ಅವಧಿ ಮುಗಿಯುವ ದಿನ, ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾದ ಪ್ರಭೇದದ ಹೆಸರು ಇಲ್ಲದ ಪೊಟ್ಟಣವನ್ನು ಕೊಳ್ಳಬಾರದು. ಹತ್ತಾರು ಜೀವಿಗಳ ಹೆಸರನ್ನು ಒಟ್ಟಿಗೆ ಅಚ್ಚು ಹಾಕಿ ಎಲ್ಲ ಬೆಳೆಗೂ ಎಲ್ಲ ರೋಗಕ್ಕೂ ಒಂದೇ ಮದ್ದು ಎನ್ನುವ ಪೊಟ್ಟಣಗಳನ್ನಂತೂ ದೂರವೇ ಇಡಬೇಕು.

ಮೊದಲ ಸಲ ಬಳಸುವ ನರ್ಸರಿಯವರು ಎಲ್ಲ ಚೀಲಗಳಿಗೂ ಹಾಕದೆ ಒಂದೆರಡು ಸಾಲನ್ನು ಹಾಗೇ ಬಿಟ್ಟು ಬೆಳೆಸಿ, ಕಸಿಯ ಹೊತ್ತಿಗೆ ಎರಡೂ ಕಡೆಯ ಕಾಂಡದ ದಪ್ಪವನ್ನು ಅಳೆದು ನೋಡಬೇಕು. ಎರಡೂ ಸಾಲಿನ ಎಳೆಬೇರುಗಳನ್ನು ತೊಳೆದು ಹತ್ತಿರದ ಕೃಷಿ ಅಥವಾ ತೋಟಗಾರಿಕಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗಕ್ಕೆ ಒಯ್ದು ತೋರಿಸಿದರೆ ಶಿಲೀಂಧ್ರ ಬೇರಿನೊಳಗೆ ನೆಲೆಸಿದೆಯೇ ಇಲ್ಲವೇ ಎಂಬುದು ಖಚಿತವಾಗುತ್ತದೆ. ಮುಂದಿನ ವರ್ಷ ಅದೇ ಪುಡಿಗೆ ಹಣ ಹಾಕಬೇಕೋ ಬೇಡವೋ ಎಂಬುದನ್ನು ಆ ಫಲಿತಾಂಶ ನೋಡಿ ತೀರ್ಮಾನಿಸಿ.